ಮೂರನೇ ಕೂಗು

ಗೋಡೆಯ ತೂತಿಗೆ ಮೆತ್ತಿದ ಸಿಮೆಂಟನ್ನು ಕರಣೆಯಿಂದ ನಯಮಾಡುತ್ತಿದ್ದ ಉಗಿಬಂಡಿ ಮೇಷ್ಟ್ರಿಗೆ ಬಾಗಿಲು ಬಡಿದ ಸದ್ದು ಕೇಳಿಸಿತು. ತೆರೆದರೆ ಪಕ್ಕದ ಮನೆಯ ಅಕ್ಕ, ಕೈಯಲ್ಲಿ ತಳ ಸೀದ ಕುಕ್ಕರು.

ತೂತು ಮೇಷ್ಟ್ರದೇ ಕೈಚಳಕ. ತಾವು ಕಟ್ಟಿದ ಪುಟ್ಟ ಉಗಿ ಎಂಜಿನ್ನಿಗೆ ಕೊಳವೆ ಕೂರಿಸಲು ಹೋಗಿ ಅಕ್ಕನ ಅಡುಗೆಮನೆಯವರೆಗೂ ಕೊರೆದಿದ್ದರು. ಅಂದಿನಿಂದ ದಿನಾ ಹನ್ನೊಂದಕ್ಕೆ ಎಂಜಿನ್ನು ಮೂರು ಸಲ ಕೂಗಿದ್ದೇ ತಡ, ಆ ತೂತಿನಿಂದ "ಸಾಕು, ನಿಲ್ಸಿ!" ಎಂಬ ಗದರಿಕೆ ತೂರಿಬರುತ್ತಿತ್ತು. ಒಂದು ತಿಂಗಳು ಸಹಿಸಿದ ಮೇಷ್ಟ್ರು ಇವತ್ತು ಎಂಜಿನ್ನಿಗೆ ಬೆಂಕಿಯನ್ನೇ ಹಚ್ಚದೆ, ಸಪ್ಪೆ ಮೋರೆ ಹಾಕಿಕೊಂಡು ತೂತು ಮುಚ್ಚಲು ಕೂತಿದ್ದರು.

"ತಪ್ಪಾಯ್ತಕ್ಕಾ, ಇನ್ಮೇಲೆ ನಿಮಗೆ ಕೂಗು ಕೇಳಿಸಲ್ಲ."

"ಕೇಳಿಸ್ಲಿಲ್ಲ ಅಂತಾನೇ ಬಂದಿದ್ದು! ಈ ಕುಕ್ಕರ್ ಕೂಗೋದು ಬಿಟ್ಟು ತಿಂಗಳಾಯ್ತು. ನಿಮ್ಮದು ಮೂರು ಸಲ ಕೂಗಿದ್ರೆ ನಾವು ಒಲೆ ಆರಿಸೋದು. ಇವತ್ತು ನಮ್ಮ ಯಜಮಾನ್ರು ಕಿವಿ ನಿಮಿರಿಸ್ಕೊಂಡು ಒಲೆ ಮುಂದೆ ನಿಂತೇ ಇದ್ರು, ಕಾಳೆಲ್ಲ ಕರಕಲು!"

"ಹಾಗಾದ್ರೆ 'ಸಾಕು, ನಿಲ್ಸಿ' ಅಂತಿದ್ದಿದ್ದು..."

"ಅವರಿಗೆ!"

ಮೇಷ್ಟ್ರ ಮುಖ ಊರಗಲವಾಯಿತು. "ಕುಕ್ಕರ್ ಇಲ್ಲಿ ಕೊಡಿ, ಸೀಟಿ ನಾನೇ ರಿಪೇರಿ ಮಾಡ್ತೀನಿ."

"ಅದು ಹಾಗೇ ಇರ್ಲಿ. ಮೊದ್ಲು ಗೋಡೆ ರಿಪೇರಿ ಮಾಡಿ."

ಮೇಷ್ಟ್ರು ಹಸಿ ಸಿಮೆಂಟನ್ನು ಕೆರೆದು ತೆಗೆದು ಎಂಜಿನ್ನಿಗೆ ಬೆಂಕಿ ಹಚ್ಚಿದರು. ಅರ್ಧ ಗಂಟೆಗೆಲ್ಲ ಮೂರನೇ ಕೂಗೂ ಮುಗಿಯಿತು. ತೂತಿನಿಂದ ಅಕ್ಕನ ದನಿ ಬಂತು:

"ಮೇಷ್ಟ್ರೇ, ಈ ಕಾಳು ಗಟ್ಟಿ. ಇನ್ನೆರಡು ಕೂಗ್ಸಿ!"