ಮುಟ್ಟದೆ ಬಿಟ್ಟ ಗುಡ್ಡ

ಬಣ್ಣ ಸರಿಯಾಗಿಲ್ಲ ಎಂದು ಎರಡು ಸಲ ಕೌಂಟರಿನಲ್ಲಿ ಹೇಳಿ ಹೋಗಿದ್ದರು. ಮೂರನೇ ಸಲ ಆ ನಿವೃತ್ತ ಭೂವಿಜ್ಞಾನಿ ಯಾರನ್ನೂ ಕೇಳದೆ ಫೋಟೋ ಸ್ಟುಡಿಯೋದ ಒಳಕೋಣೆಗೇ ನುಗ್ಗಿದರು.

ಐವತ್ತು ವರ್ಷದ ಹಿಂದೆ ಅದಿರು ಹುಡುಕಲು ಹೋದಾಗ ಅವರೇ ತೆಗೆದ ಫಿಲ್ಮ್ ಸ್ಲೈಡುಗಳು. ಮಾಸಿ ಮಾಸಿ, ಕುಂಕುಮದ ನೀರಿನಲ್ಲಿ ಅದ್ದಿ ತೆಗೆದ ಹಾಗೆ ಎಲ್ಲವೂ ಕೆಂಪಡರಿದ್ದವು. ಕಂಪ್ಯೂಟರಿನ ಮುಂದೆ ಕೂತಿದ್ದ ಹುಡುಗಿ ತೆರೆಯ ಮೇಲಿನ ಚಿತ್ರದಲ್ಲಿ ಆಕಾಶಕ್ಕೆ ನೀಲಿ ತಂದಿದ್ದಳು. ಕೆರೆ ತಿಳಿಯಾಗಿತ್ತು, ಮುಂದೆ ನಿಂತ ಜೀಪಿಗೂ ಅದರ ಬಣ್ಣ ಮರಳಿತ್ತು. ಹಿಂದಿನ ಗುಡ್ಡವೊಂದೇ ಕೆಂಪಗೆ ಉಳಿದಿತ್ತು.

ಅವರಿಗೆ ಮೈಯೆಲ್ಲ ಉರಿದುಹೋಯಿತು. “ಕಣ್ಣು ಕಾಣಿಸುತ್ತೇನಮ್ಮ ನಿನಗೆ? ಎಲ್ಲ ಸರಿಮಾಡಿ ಗುಡ್ಡ ಯಾಕೆ ಹಾಗೇ ಬಿಟ್ಟೆ?”

“ಗುಡ್ಡ ಸರಿಯಾಗೇ ಇದೆಯಲ್ಲ ಸರ್.”

“ನನಗೇ ಹೇಳಿಕೊಡ್ತೀಯಾ? ಹಸಿರು ಗುಡ್ಡ ಅದು. ನೆತ್ತಿಯವರೆಗೂ ಕಾಡು, ಹಗಲಲ್ಲೂ ಬಿಸಿಲು ನೆಲಕ್ಕೆ ಬೀಳ್ತಿರಲಿಲ್ಲ. ಮೂರು ತಿಂಗಳು ಅದನ್ನ ಕಾಲಲ್ಲಿ ಅಳೆದವನು ನಾನು. ಅದರ ಹೊಟ್ಟೇಲಿ ಅದಿರಿದೆ, ಅಗೆಯಬಹುದು ಅಂತ ಮೊದಲು ವರದಿ ಬರೆದವನೂ ನಾನೇ. ಎಸಿ ರೂಮಲ್ಲಿ ಕೂತು ಬಣ್ಣ ಬಳಿಯೋಳು ನೀನು, ಆ ಗುಡ್ಡಾನ ಒಂದು ದಿನವಾದರೂ ನೋಡಿದ್ದೀಯಾ?”

ಹುಡುಗಿ ಮೌಸಿನಿಂದ ಕೈ ತೆಗೆದಳು.

“ಅದರ ಬುಡದಲ್ಲೇ ಹುಟ್ಟಿ ಬೆಳೆದೋಳು ಸರ್ ನಾನು. ನಮ್ಮ ಶಾಲೇಲಿ ಗುಡ್ಡದ ಚಿತ್ರ ಬರೀರಿ ಅಂದ್ರೆ, ಎಲ್ಲಾರೂ ಕೆಂಪು ಕ್ರೇಯಾನನ್ನೇ ಎತ್ಕೋತಿದ್ವಿ.”