ಬಾವಿಯೊಳಗಿನ ಬಂಡಿ

“ಮುಳುಗೂದಿದ್ರ ಗವ್ಯಾಗ ಮುಳುಗ್ರಿ. ಆ ಬಂಡಿ ಮುಟ್ಟಿದ್ರ ನಾ ನಿಮ್ಮ ಹೇಂತಿ ಅಲ್ಲ!” ಬಾವಿಯ ಮೆಟ್ಟಿಲ ಮೇಲೆ ನಿಂತು ರಾಚವ್ವ ಕೂಗಿದಳು.

“ನೋಡಲೇ ಬೀರ್ಯಾ, ಇಕಿ ನನಗ ಧಮಕಿ ಹಾಕಾಕತ್ತಾಳ,” ಎಂದು ನೀರಿನಲ್ಲಿದ್ದ ಗಂಡ ಸಿದ್ದರಾಯ ನಕ್ಕ. ದೀಪಾವಳಿ ರಜೆಗೆ ಗೆಳೆಯ ಬೀರಣ್ಣನನ್ನು ಕಟ್ಟಿಕೊಂಡು ವಿಜಾಪುರದಿಂದ ಜೈನಾಪುರಕ್ಕೆ, ಮಾವನ ಮನೆಗೆ ಬಂದಿದ್ದ ಅವನಿಗೆ ಈ ಬಾವಿಯಲ್ಲಿ ಮುಳುಗುವುದೇ ಮೋಜು. ನೀರಿನೊಳಗೆ ಕಲ್ಲುಗೋಡೆಯಲ್ಲಿ ಒಂದು ಗವಿಯಿತ್ತು. ತಳದಲ್ಲಿ ಹೋದ ವರ್ಷ ಬಿದ್ದ ಎತ್ತಿನ ಬಂಡಿಯಿತ್ತು. ಅದನ್ನು ಹೊಡೆಯುತ್ತಿದ್ದವನು ರಾಚವ್ವನ ತಮ್ಮ ಅಮಸಿದ್ದ. ಅವನ ಹೆಣ ಎತ್ತಿದವರು ಬಂಡಿಯನ್ನು ಮುಟ್ಟದೆ ಬಿಟ್ಟಿದ್ದರು.

“ಗವ್ಯಾಗ ಬರೇ ಕತ್ತಲ. ಬಂಡ್ಯಾಗಾದ್ರ ಏನರ ಸಿಗತೈತಿ,” ಎಂದ ಬೀರಣ್ಣ. ಸಿದ್ದರಾಯ ತಳಕ್ಕೇ ಮುಳುಗಿದ. ಮೇಲೆ ಬಂದಾಗ ಕೈಯಲ್ಲಿ ಎತ್ತಿನ ಕೊರಳಗಂಟೆಯ ಸರವಿತ್ತು. ಗಂಟೆ ಪೋಣಿಸಿದ ತೊಗಲು ಕೊಳೆತು ಲೋಳೆಯಾಗಿ ಗಬ್ಬು ನಾರುತ್ತಿತ್ತು. ಹಲ್ಲು ಕಿರಿಯುತ್ತ ಮೆಟ್ಟಿಲೇರಿ ಬಂದವನು ಹೆಂಡತಿಯ ಭುಜ ಹಿಡಿದು ಅದನ್ನು ಅವಳ ಕೊರಳಿಗೇ ಹಾಕಿದ. “ತೊಗೊ, ನಿನ್ನ ತವರುಮನಿ ಸರಾ. ಭಾಳ ಚಂದ ಒಪ್ಪತೈತಿ!” ಬೀರಣ್ಣ ಬಿದ್ದು ಬಿದ್ದು ನಕ್ಕ.

ಲೋಳೆ ಕುಪ್ಪಸಕ್ಕೆ ಇಳಿಯಿತು. ರಾಚವ್ವ ಅದನ್ನು ಒರೆಸಿಕೊಳ್ಳಲಿಲ್ಲ, ಸರವನ್ನೂ ತೆಗೆಯಲಿಲ್ಲ. ಗಂಡನ ಕೈ ತಾಗಿದ ಭುಜವನ್ನು ಮಾತ್ರ ಸೆರಗಿನಿಂದ ಗಸಗಸ ಉಜ್ಜಿಕೊಂಡಳು. ಹೇಲು ತುಳಿದವರನ್ನು ನೋಡುವಂತೆ ಅವನನ್ನೊಮ್ಮೆ ನೋಡಿ, ಮೆಟ್ಟಿಲು ಹತ್ತಿ ತವರಿನತ್ತ ನಡೆದಳು.

“ಲೇ, ಸಂಜಿ ಬಸ್ಸಿಗೆ ಹೋಗೂದೈತಿ. ಲಗೂನ ತಯಾರಾಗು!” ಸಿದ್ದರಾಯ ಹಿಂದಿನಿಂದ ಕೂಗಿದ. ಗಂಟೆಯ ಸದ್ದು ನಿಲ್ಲದೆ ದೂರವಾಯಿತು.

ಸಂಜೆಯ ಬಸ್ಸು ಗಂಡಸರಿಬ್ಬರನ್ನೇ ಹತ್ತಿಸಿಕೊಂಡು ವಿಜಾಪುರಕ್ಕೆ ಹೋಯಿತು.