ದ್ಯಾವಪ್ಪನ ಜಡೆ

ಸಿನಿಮಾದ ನಾಯಕಿ ಗುರುದೇವಿ ಶೂಟಿಂಗ್ ನಡೆದಿದ್ದ ಬೇಗಂಪೇಟೆಯ ಕಟ್ಟಡದ ಮಹಡಿಯ ಅಂಚಿಗೆ ಬಂದಾಗ, ಅವಳದೇ ಬಣ್ಣದ ಸೀರೆಯುಟ್ಟು, ಉದ್ದ ಜಡೆಯ ವಿಗ್ ಹಾಕಿಕೊಂಡ ಡೂಪ್ ದ್ಯಾವಪ್ಪ ಅವಳ ಬದಲು ಜಿಗಿಯಲು ನಿಂತಿದ್ದ. ನಾಯಕಿಯರ ಜಿಗಿತವೆಲ್ಲ ಗಂಡಸರದೇ. ಮೀಸೆ ಕಾಣದಿರಲೆಂದು ಕ್ಯಾಮೆರಾವನ್ನು ಅವನ ಬೆನ್ನ ಹಿಂದೆ ಇಟ್ಟಿದ್ದರು.

“ಬಾಜೂ ಸರೀರಿ ಮೇಡಂ, ಎಲುಬು ಮುರೀತಾವ,” ಎಂದ.

ಗುರುದೇವಿ ತಾನೇ ಜಿಗಿಯಲೆಂದು ಅವನ ಸೊಂಟದ ಹಗ್ಗ ಬಿಚ್ಚತೊಡಗಿದಳು. “ಇದ ಊರಿನ ಕುಷಾಯಿಗೂಡದಾಗ ನಮ್ಮವ್ವ ನನ್ನ ಹೊಟ್ಟ್ಯಾಗ ಇಟ್ಕೊಂಡು ಇಂಥ ಮಹಡಿ ಕಟ್ಟಾಕ ಗಾರಿ ಬುಟ್ಟಿ ಹೊತ್ತಾಳ, ಕಾಕಾ. ಆಕಿ ಬದ್ಲಿಗಿ ಯಾವ ಗಂಡಸೂ ಸೀರಿ ಉಟ್ಟು ಬರಲಿಲ್ಲ.”

ದ್ಯಾವಪ್ಪ ಜಡೆ ಕಿತ್ತಿಟ್ಟ. ಹಗ್ಗವನ್ನು ಅವಳ ಸೊಂಟಕ್ಕೆ ಬಿಗಿದು, ಜಗ್ಗಿ ನೋಡಿ, “ಮೊಣಕಾಲು ಮಡಚಿ ಬೀಳವ್ವಾ,” ಎಂದ. ಆಮೇಲೆ ಹಿಂದಕ್ಕೆ ತಿರುಗಿ ಕೂಗಿದ:

“ಕ್ಯಾಮೆರಾ ಮುಂದ ತರ್ರಿ! ಈ ಸಲ ಮುಖ ಕಾಣ್ಲಿ.”